ಕ್ರೋನ್ಸ್ ಕಾಯಿಲೆಗೆ ಬಯಾಲಜಿಕ್: ಮೊದಲ ಡೋಸ್‌ಗೆ ಮುಂಚೆ ಮುಗಿಸಬೇಕಾದ್ದು, ಆಮೇಲೆ ತಪ್ಪಿಸಬಾರದ್ದು

ಕರುಳಿನ ಉರಿಯೂತದ ಕಾಯಿಲೆಯಾದ ಕ್ರೋನ್ಸ್‌ಗೆ ಡಾಕ್ಟರು ಬಯಾಲಜಿಕ್ (ಜೀವಕೋಶಗಳಲ್ಲಿ ತಯಾರಿಸಿದ ಪ್ರೋಟೀನ್ ಔಷಧ) ಬರೆದುಕೊಟ್ಟ ದಿನ ಮನೆಯವರು ಕೇಳುವ ಮೊದಲ ಪ್ರಶ್ನೆ ಬೆಲೆಯದು, ಎರಡನೆಯದು ಅಡ್ಡಪರಿಣಾಮದ್ದು. ಎರಡೂ ಕೇಳಲೇಬೇಕಾದ ಪ್ರಶ್ನೆಗಳು. ಆದರೆ ಈ ಔಷಧ ಕೈಕೊಡುವ ಜಾಗಗಳು ಬೇರೆಯೂ ಇವೆ. ಒಳಗೆ ಅಡಗಿದ್ದ ಟಿಬಿ ಯಾರ ಕಣ್ಣಿಗೂ ಬಿದ್ದಿರುವುದಿಲ್ಲ. ಕೀವು ತೆಗೆಸದೆಯೇ ಡೋಸ್ ಹಾಕಿಸಿರುತ್ತಾರೆ. ದುಡ್ಡು ಹೊಂದಿದ ತಿಂಗಳು ಇಂಜೆಕ್ಷನ್, ಹೊಂದದ ತಿಂಗಳು ಇಲ್ಲ ಎಂದು ನಡೆಸಿರುತ್ತಾರೆ. ಫ್ರಿಜ್ಜಿನ ಹಿಂಗೋಡೆಗೆ ಒತ್ತಿಕೊಂಡು ಸಿರಿಂಜ್ ಹೆಪ್ಪುಗಟ್ಟಿರುತ್ತದೆ. ಇವುಗಳಲ್ಲಿ ತಡೆಯಲಾಗದ್ದು ಒಂದೂ ಇಲ್ಲ. ಮುಂದಿನದನ್ನು ನಿಮ್ಮ ಗ್ಯಾಸ್ಟ್ರೋ ಡಾಕ್ಟರ ಜೊತೆ ಕೂತು ಮಾತಾಡಲು ಬಳಸಿ. ಡೋಸ್ ನಿರ್ಧರಿಸುವವರು ಅವರೇ.

ಕಾಯಿಲೆಯ ಬಗ್ಗೆ ಎರಡೇ ಮಾತು. 1932ರಲ್ಲಿ ನ್ಯೂಯಾರ್ಕಿನ ಬರಿಲ್ ಕ್ರೋನ್, ಲಿಯಾನ್ ಗಿನ್ಸ್‌ಬರ್ಗ್ ಮತ್ತು ಗಾರ್ಡನ್ ಒಪೆನ್‌ಹೈಮರ್ ಸಣ್ಣ ಕರುಳಿನ ಕೊನೆಯ ಭಾಗದ ಈ ಉರಿಯೂತವನ್ನು ವಿವರಿಸಿದರು. ಇದು ಬಾಯಿಯಿಂದ ಗುದದವರೆಗೆ ಎಲ್ಲಿ ಬೇಕಾದರೂ ಬರಬಹುದು, ಕರುಳಿನ ಗೋಡೆಯ ಪೂರ್ತಿ ದಪ್ಪವನ್ನೂ ಹಿಡಿಯಬಹುದು. ಸ್ಟೀರಾಯ್ಡ್ ಇಡೀ ರೋಗನಿರೋಧಕ ವ್ಯವಸ್ಥೆಯನ್ನೇ ಅಮುಕುತ್ತದೆ. ಬಯಾಲಜಿಕ್ ಹಾಗಲ್ಲ, ಉರಿಯೂತದ ಸರಪಳಿಯಲ್ಲಿ ಒಂದು ಕೊಂಡಿಯನ್ನು ಮಾತ್ರ ಹಿಡಿಯುತ್ತದೆ. ಇನ್‌ಫ್ಲಿಕ್ಸಿಮ್ಯಾಬ್ ಮತ್ತು ಅಡಾಲಿಮುಮ್ಯಾಬ್ ಹಿಡಿಯುವುದು ಟಿಎನ್‌ಎಫ್ ಎಂಬ ಪ್ರೋಟೀನನ್ನು. ಉಸ್ಟೆಕಿನುಮ್ಯಾಬ್ ಐಎಲ್-12 ಮತ್ತು ಐಎಲ್-23 ಎಂಬ ಪ್ರೋಟೀನುಗಳನ್ನು. ವೆಡೋಲಿಝುಮ್ಯಾಬ್ ಬಿಳಿರಕ್ತಕಣಗಳು ರಕ್ತನಾಳದಿಂದ ಕರುಳಿನೊಳಗೆ ದಾಟುವ ಬಾಗಿಲನ್ನು ಮುಚ್ಚುತ್ತದೆ.

ಮೊದಲು ಇದು ಕ್ರೋನ್ಸೇ ಹೌದೇ?

ನಮ್ಮಲ್ಲಿ ಈ ಪ್ರಶ್ನೆಯನ್ನು ದಾಟದೆ ಮುಂದೆ ಹೋಗುವಂತಿಲ್ಲ. ಕರುಳಿನ ಟಿಬಿ ಮತ್ತು ಕ್ರೋನ್ಸ್ ಎರಡೂ ಒಂದೇ ಜಾಗವನ್ನು ಇಷ್ಟಪಡುತ್ತವೆ: ಸಣ್ಣ ಕರುಳು ದೊಡ್ಡ ಕರುಳನ್ನು ಸೇರುವ ಮೂಲೆ. ಹೊಟ್ಟೆನೋವು, ತೂಕ ಇಳಿಯುವುದು, ಜ್ವರ, ರಕ್ತಹೀನತೆ ಎರಡರಲ್ಲೂ ಇರುತ್ತವೆ. ಬಯಾಪ್ಸಿಯಲ್ಲಿ ಗ್ರಾನ್ಯುಲೋಮ ಎಂಬ ಕಣಗಂಟು ಎರಡರಲ್ಲೂ ಸಿಗಬಹುದು. ಕ್ರೋನ್ಸ್ ಎಂದುಕೊಂಡು ಟಿಬಿಗೆ ಸ್ಟೀರಾಯ್ಡ್ ಅಥವಾ ಟಿಎನ್‌ಎಫ್ ತಡೆಯುವ ಔಷಧ ಕೊಟ್ಟರೆ ಟಿಬಿ ಮೈತುಂಬ ಹರಡಬಹುದು.

ಅದಕ್ಕೇ ಕೊಲೊನೋಸ್ಕೋಪಿಯಲ್ಲಿ ಒಂದೆರಡು ಚೂರು ತೆಗೆದರೆ ಸಾಲದು. ಹುಣ್ಣಿನ ಅಂಚಿನಿಂದ, ಬುಡದಿಂದ ಹಲವು ಚೂರು ಬೇಕು. ಅವು ಪೆಥಾಲಜಿಗೆ ಮಾತ್ರವಲ್ಲದೆ ಟಿಬಿ ಕಲ್ಚರ್ (ಬ್ಯಾಕ್ಟೀರಿಯವನ್ನು ಬೆಳೆಸಿ ನೋಡುವುದು) ಮತ್ತು ಜೀನ್‌ಎಕ್ಸ್‌ಪರ್ಟ್ ಪರೀಕ್ಷೆಗೂ ಹೋಗಬೇಕು. ಒಂದು ತಪ್ಪು ಪದೇ ಪದೇ ಆಗುತ್ತದೆ: ಎಲ್ಲ ಚೂರುಗಳನ್ನೂ ಫಾರ್ಮಲಿನ್‌ಗೆ ಹಾಕಿಬಿಡುವುದು. ಫಾರ್ಮಲಿನ್‌ನಲ್ಲಿ ಬ್ಯಾಕ್ಟೀರಿಯ ಸಾಯುತ್ತದೆ, ಕಲ್ಚರ್ ಮಾಡಲು ಬರುವುದಿಲ್ಲ. ಕಲ್ಚರ್‌ನ ಚೂರು ಸಲೈನ್‌ನಲ್ಲಿ ಬೇರೆಯಾಗಿ ಹೋಗಬೇಕು. ಸ್ಕೋಪಿಗೆ ಮುಂಚೆ ಇದನ್ನು ಕೇಳಿ ಖಚಿತಪಡಿಸಿಕೊಳ್ಳುವುದು ಅಧಿಕಪ್ರಸಂಗವಲ್ಲ.

ಅಷ್ಟಾದರೂ ಬಗೆಹರಿಯದಿದ್ದರೆ ಡಾಕ್ಟರು ಟಿಬಿ ಮಾತ್ರೆಗಳನ್ನೇ ಪರೀಕ್ಷೆಯಾಗಿ ಕೊಡುವುದುಂಟು. ಆಗ ಹಸಿವು ಬಂತು, ಜ್ವರ ಬಿಟ್ಟಿತು ಎಂಬುದನ್ನಷ್ಟೇ ನಂಬಬೇಡಿ. ಎರಡು ತಿಂಗಳ ಸುಮಾರಿಗೆ ಮತ್ತೆ ಸ್ಕೋಪಿ ಮಾಡಿಸಿ, ಹುಣ್ಣು ಮಾಗಿದೆಯೇ ನೋಡಬೇಕು. ಟಿಬಿಯಾಗಿದ್ದರೆ ಹುಣ್ಣು ಮಾಗಿರುತ್ತದೆ. ಮಾಗದಿದ್ದರೆ ಕ್ರೋನ್ಸ್ ಕಡೆಗೆ, ಅಪರೂಪಕ್ಕೆ ಔಷಧಕ್ಕೆ ಬಗ್ಗದ ಟಿಬಿಯ ಕಡೆಗೆ, ಯೋಚನೆ ತಿರುಗಬೇಕು. ಇದು ಕ್ರೋನ್ಸ್ ಅಲ್ಲ ಎಂದುಕೊಂಡು ಆರೇಳು ತಿಂಗಳು ಟಿಬಿ ಮಾತ್ರೆ ನುಂಗಿದವರಲ್ಲಿ ಕರುಳು ಅಷ್ಟರಲ್ಲಿ ಕಿರಿದಾಗಿಬಿಟ್ಟಿರಬಹುದು. ಎರಡನೇ ಸ್ಕೋಪಿ ಬೇಡ ಎನ್ನುವ ಉಳಿತಾಯ ದುಬಾರಿ ಬೀಳುತ್ತದೆ.

ಅಡಗಿದ ಟಿಬಿ

ಎಂದೋ ಮೈಯೊಳಗೆ ಬಂದ ಟಿಬಿ ಬ್ಯಾಕ್ಟೀರಿಯವನ್ನು ದೇಹ ಕಣಗಂಟಿನ ಗೋಡೆ ಕಟ್ಟಿ ಕೂಡಿಹಾಕಿರುತ್ತದೆ. ಆ ಗೋಡೆಯನ್ನು ನಿಲ್ಲಿಸುವ ಗಾರೆಯೇ ಟಿಎನ್‌ಎಫ್. ಅದನ್ನು ತಡೆದರೆ ಗೋಡೆ ಸಡಿಲವಾಗುತ್ತದೆ. ಹೀಗಾಗಿ ಇನ್‌ಫ್ಲಿಕ್ಸಿಮ್ಯಾಬ್, ಅಡಾಲಿಮುಮ್ಯಾಬ್‌ಗೆ ಮುಂಚೆ ಎದೆಯ ಎಕ್ಸ್‌ರೇ, ಜೊತೆಗೆ ಮಾಂಟೂ ಎಂಬ ಚರ್ಮದ ಪರೀಕ್ಷೆ ಅಥವಾ ಇಗ್ರಾ ರಕ್ತಪರೀಕ್ಷೆ ಆಗಲೇಬೇಕು. ಎಕ್ಸ್‌ರೇಯಲ್ಲಿ ಅನುಮಾನವಿದ್ದರೆ ಎದೆಯ ಸಿಟಿ. ಮನೆಯಲ್ಲಿ ಯಾರಿಗಾದರೂ, ಅಜ್ಜ-ಅಜ್ಜಿಗಾದರೂ ಸರಿ, ಟಿಬಿ ಆಗಿತ್ತೇ ಎಂಬುದನ್ನು ನೆನಪು ಮಾಡಿಕೊಂಡು ಹೇಳಿ.

ಮಾಂಟೂ ಮತ್ತು ಇಗ್ರಾವನ್ನು ಸ್ಟೀರಾಯ್ಡ್ ಶುರುವಾಗುವ ಮುಂಚೆಯೇ ಮಾಡಿಸುವುದು ಒಳ್ಳೆಯದು. ಪ್ರೆಡ್ನಿಸೊಲೋನ್ ನುಂಗುತ್ತಿರುವವರಲ್ಲಿ ಸೋಂಕಿದ್ದರೂ ಪರೀಕ್ಷೆ ಇಲ್ಲ ಎನ್ನಬಹುದು. ಮಾಂಟೂವನ್ನು 48ರಿಂದ 72 ಗಂಟೆಯೊಳಗೆ ಸ್ಕೇಲ್ ಇಟ್ಟು ಓದಬೇಕು. ಅಳೆಯುವುದು ಗಟ್ಟಿಯಾದ ಉಬ್ಬನ್ನು, ಕೆಂಪನ್ನಲ್ಲ.

ಪರೀಕ್ಷೆ ಪಾಸಿಟಿವ್ ಬಂದು, ಸಕ್ರಿಯ ಟಿಬಿ ಇಲ್ಲವೆಂದಾದರೆ ತಡೆಚಿಕಿತ್ಸೆ ಕೊಡುತ್ತಾರೆ: ದಿನಾ ಐಸೋನಿಯಾಜಿಡ್ 6 ತಿಂಗಳು, ಇಲ್ಲವೇ ವಾರಕ್ಕೊಮ್ಮೆ ಐಸೋನಿಯಾಜಿಡ್ ಜೊತೆ ರಿಫಾಪೆಂಟಿನ್ 12 ವಾರ. ಸರ್ಕಾರಿ ಕ್ಷಯ ನಿರ್ಮೂಲನಾ ಕಾರ್ಯಕ್ರಮದಲ್ಲಿ ಈ ಮಾತ್ರೆಗಳು ಉಚಿತ. ಸಾಮಾನ್ಯವಾಗಿ ಕನಿಷ್ಠ ಒಂದು ತಿಂಗಳ ತಡೆಚಿಕಿತ್ಸೆ ಆದಮೇಲೆ ಬಯಾಲಜಿಕ್ ಶುರು ಮಾಡುತ್ತಾರೆ. ಈ ಮಾತ್ರೆಗಳು ಲಿವರ್‌ಗೆ ತೊಂದರೆ ಕೊಡಬಹುದು, ಆದ್ದರಿಂದ ನಡುವೆ ಎಲ್‌ಎಫ್‌ಟಿ (ಲಿವರ್‌ನ ರಕ್ತಪರೀಕ್ಷೆ) ಬಿಡಬೇಡಿ. ರಿಫಾಪೆಂಟಿನ್ ಸೇರಿದ ರಿಫಾಂಪಿಸಿನ್ ಗುಂಪಿನ ಮಾತ್ರೆಗಳು ಸ್ಟೀರಾಯ್ಡ್ ಮತ್ತು ಉಪಾಡಾಸಿಟಿನಿಬ್ ಎಂಬ ಕ್ರೋನ್ಸ್ ಗುಳಿಗೆಯ ಮಟ್ಟವನ್ನು ಇಳಿಸಿಬಿಡುತ್ತವೆ ಎಂಬುದೂ ಗೊತ್ತಿರಲಿ.

ಎಲ್ಲ ಪರೀಕ್ಷೆಯೂ ನೆಗೆಟಿವ್ ಬಂದಮೇಲೂ ಟಿಬಿ ಬರಬಹುದು. ಟಿಎನ್‌ಎಫ್ ತಡೆಯುವ ಔಷಧದ ಮೇಲಿರುವವರಲ್ಲಿ ಅದು ಶ್ವಾಸಕೋಶ ಬಿಟ್ಟು ಬೇರೆಡೆ ಕಾಣಿಸಿಕೊಳ್ಳುವುದು ಹೆಚ್ಚು. ಸಂಜೆ ಜ್ವರ, ರಾತ್ರಿ ಬೆವರು, ಕುತ್ತಿಗೆಯ ಗಂಟು, ಎರಡು ವಾರ ದಾಟಿದ ಕೆಮ್ಮು, ಹೊಟ್ಟೆಯಲ್ಲಿ ನೀರು, ಇವುಗಳಲ್ಲಿ ಯಾವುದು ಬಂದರೂ ಮುಂದಿನ ಡೋಸ್ ಹಾಕಿಸಿಕೊಳ್ಳದೆ ಮೊದಲು ಡಾಕ್ಟರಿಗೆ ತೋರಿಸಿ.

ಉಳಿದ ತಯಾರಿ

ಹೆಪಟೈಟಿಸ್ ಬಿಗೆ ಈಗಿರುವ ಸೋಂಕು ತೋರಿಸುವ ಎಚ್‌ಬಿಎಸ್‌ಎಜಿ ಒಂದನ್ನೇ ನೋಡಿದರೆ ಸಾಲದು, ಹಳೆಯ ಸೋಂಕಿನ ಗುರುತು ಹಿಡಿಯುವ ಆಂಟಿ-ಎಚ್‌ಬಿಸಿಯೂ ಬೇಕು. ಹಳೆಯ ಸೋಂಕು ಲಿವರ್‌ನಲ್ಲಿ ಮಲಗಿರಬಹುದು, ಈ ಔಷಧಗಳಿಂದ ಏಳಬಹುದು. ಎಚ್‌ಬಿಎಸ್‌ಎಜಿ ಪಾಸಿಟಿವ್ ಇದ್ದರೆ ವೈರಸ್ ತಡೆಯುವ ಎಂಟೆಕಾವಿರ್ ಅಥವಾ ಟೆನೋಫೋವಿರ್ ಮಾತ್ರೆ ಮೊದಲೇ ಶುರುವಾಗಬೇಕು. ಎಚ್‌ಸಿವಿ, ಎಚ್‌ಐವಿ ಕೂಡ ಅದೇ ರಕ್ತದಲ್ಲಿ ಮುಗಿಯಲಿ. ಭೇದಿ ಜೋರಾಗಿದ್ದರೆ ಸಿ. ಡಿಫಿಸಿಲ್ ಎಂಬ ಬ್ಯಾಕ್ಟೀರಿಯಕ್ಕೆ ಮಲಪರೀಕ್ಷೆ.

ಗುದದ ಸುತ್ತ ಫಿಸ್ಟುಲಾ (ಕರುಳಿನಿಂದ ಚರ್ಮಕ್ಕೆ ಕೊರೆದುಕೊಂಡ ದಾರಿ) ಇದ್ದವರಿಗೆ ಪೆಲ್ವಿಸ್ ಎಂಆರ್‌ಐ ಬಿಡಲೇಬಾರದು. ಕೀವು ತುಂಬಿರುವಾಗ ಟಿಎನ್‌ಎಫ್ ತಡೆದರೆ ಸೋಂಕು ರಕ್ತಕ್ಕೆ ಹತ್ತುತ್ತದೆ. ಮೊದಲು ಸರ್ಜನ್ ಕೀವು ತೆಗೆದು, ಸೀಟಾನ್ ಎಂಬ ದಾರವನ್ನು ಫಿಸ್ಟುಲಾದ ದಾರಿಯಲ್ಲಿ ಬಿಟ್ಟು ಹರಿದುಹೋಗಲು ಅನುವು ಮಾಡಬೇಕು, ಆಮೇಲೆ ಔಷಧ. ಕರುಳು ಕಿರಿದಾಗಿದ್ದರೆ ಅದು ಊತದಿಂದಲೋ ಗಾಯದ ಗಂಟಿನಿಂದಲೋ ಎಂಬುದು ಸಿಟಿ ಅಥವಾ ಎಂಆರ್ ಎಂಟರೋಗ್ರಫಿ ಎಂಬ ಕರುಳಿನ ಸ್ಕ್ಯಾನ್‌ನಲ್ಲಿ ತಿಳಿಯಬೇಕು. ಊತವನ್ನು ಬಯಾಲಜಿಕ್ ಇಳಿಸುತ್ತದೆ. ಹಳೆಯ ಗಟ್ಟಿ ಗಾಯವನ್ನು ಯಾವ ಇಂಜೆಕ್ಷನ್ನೂ ಬಿಡಿಸುವುದಿಲ್ಲ, ಅದಕ್ಕೆ ಬಲೂನೋ ಆಪರೇಷನ್ನೋ ಬೇಕು.

ಲಸಿಕೆಯಲ್ಲಿ ಒಂದು ನಿಯಮ ನೆನಪಿರಲಿ: ಜೀವಂತ ಲಸಿಕೆಗಳು ಔಷಧಕ್ಕೆ ಮುಂಚೆ ಮಾತ್ರ. ಚಿಕನ್‌ಪಾಕ್ಸ್, ಎಂಎಂಆರ್ ಬೇಕಿದ್ದರೆ ಕನಿಷ್ಠ ನಾಲ್ಕು ವಾರ ಮೊದಲೇ ಆಗಬೇಕು. ಫ್ಲೂ ಚುಚ್ಚುಮದ್ದು, ನ್ಯುಮೋಕಾಕಲ್, ಹೆಪಟೈಟಿಸ್ ಬಿ ಲಸಿಕೆಗಳಲ್ಲಿ ಜೀವಂತ ರೋಗಾಣು ಇಲ್ಲ, ಚಿಕಿತ್ಸೆಯ ನಡುವೆಯೂ ಕೊಡಬಹುದು. ನಾಯಿ ಕಚ್ಚಿದರೆ ರೇಬೀಸ್ ಲಸಿಕೆಗೆ ಹಿಂಜರಿಯಬೇಡಿ, ಅದೂ ಜೀವಂತವಲ್ಲ. ಆದರೆ ನೀವು ಬಯಾಲಜಿಕ್ ಮೇಲಿದ್ದೀರಿ ಎಂದು ಅಲ್ಲಿಯ ಡಾಕ್ಟರಿಗೆ ಹೇಳಲೇಬೇಕು. ಬೇರೆಯವರಿಗೆ ಬರೀ ಲಸಿಕೆ ಸಾಕಾಗುವ ಸಣ್ಣ ಗೀರಿಗೂ ನಿಮಗೆ ಇಮ್ಯುನೋಗ್ಲೋಬ್ಯುಲಿನ್ (ಸಿದ್ಧ ಆಂಟಿಬಾಡಿಯ ಚುಚ್ಚುಮದ್ದು) ಬೇಕಾಗುತ್ತದೆ.

ಗರ್ಭಿಣಿಯರು ಹೆದರಿ ಔಷಧ ಬಿಡುವುದು ತಪ್ಪು; ಕೆರಳಿದ ಕ್ರೋನ್ಸ್ ಮಗುವಿಗೆ ಔಷಧಕ್ಕಿಂತ ಹೆಚ್ಚು ಕೆಟ್ಟದ್ದು. ಆದರೆ ಟಿಎನ್‌ಎಫ್ ತಡೆಯುವ ಔಷಧ ಗರ್ಭದ ಕೊನೆಯ ತಿಂಗಳುಗಳಲ್ಲಿ ಮಗುವಿಗೂ ದಾಟುತ್ತದೆ, ಹುಟ್ಟಿದ ಮೇಲೂ ತಿಂಗಳುಗಟ್ಟಲೆ ಉಳಿಯುತ್ತದೆ. ನಮ್ಮ ಆಸ್ಪತ್ರೆಗಳಲ್ಲಿ ಹುಟ್ಟಿದ ದಿನವೇ ಬಿಸಿಜಿ ಹಾಕುವುದು ರೂಢಿ. ಆ ಮಗುವಿಗೆ ಅದನ್ನು ತಡೆಹಿಡಿಯಬೇಕು. ಗರ್ಭದಲ್ಲಿ ಇನ್‌ಫ್ಲಿಕ್ಸಿಮ್ಯಾಬ್ ದಾಟಿದ್ದ ಮಗುವೊಂದು ಬಿಸಿಜಿಯ ಬ್ಯಾಕ್ಟೀರಿಯ ಮೈತುಂಬ ಹರಡಿ ಸತ್ತ ಪ್ರಕರಣ 2010ರಲ್ಲಿ ಬ್ರಿಟನ್ನಿನಿಂದ ವರದಿಯಾಗಿದೆ. ಹೆರಿಗೆ ಫೈಲಿನ ಮೊದಲ ಪುಟದಲ್ಲೇ 'ಮಗುವಿಗೆ ಬಿಸಿಜಿ ಬೇಡ, ಮಕ್ಕಳ ಡಾಕ್ಟರನ್ನು ಕೇಳಿ' ಎಂದು ದೊಡ್ಡದಾಗಿ ಬರೆಸಿ. ಬಾಯಿಗೆ ಹಾಕುವ ರೋಟಾವೈರಸ್ ಲಸಿಕೆಯ ಬಗ್ಗೆಯೂ ಅವರನ್ನೇ ಕೇಳಿ.

ಯಾವ ಔಷಧ, ಎಷ್ಟು

ಇನ್‌ಫ್ಲಿಕ್ಸಿಮ್ಯಾಬ್ ಈ ಸಾಲಿನಲ್ಲಿ ಮೊದಲನೆಯದು, ಅಮೆರಿಕದಲ್ಲಿ ಕ್ರೋನ್ಸ್‌ಗೆ ಒಪ್ಪಿಗೆ ಸಿಕ್ಕಿದ್ದು 1998ರಲ್ಲಿ. ಫಿಸ್ಟುಲಾ ಇದ್ದವರಿಗೆ ಇಂದಿಗೂ ಇದಕ್ಕೇ ಹೆಚ್ಚು ಆಧಾರವಿದೆ. ಕೆಜಿಗೆ 5 ಮಿ.ಗ್ರಾಂ, ಶುರುವಿನ ದಿನ, 2ನೇ ವಾರ, 6ನೇ ವಾರ, ಆಮೇಲೆ 8 ವಾರಕ್ಕೊಮ್ಮೆ ಡ್ರಿಪ್. ಅಡಾಲಿಮುಮ್ಯಾಬ್ ಚರ್ಮದ ಕೆಳಗೆ: ಮೊದಲ ದಿನ 160 ಮಿ.ಗ್ರಾಂ, 15ನೇ ದಿನ 80, 29ನೇ ದಿನದಿಂದ ಎರಡು ವಾರಕ್ಕೊಮ್ಮೆ 40. ಉಸ್ಟೆಕಿನುಮ್ಯಾಬ್ ಒಮ್ಮೆ ಡ್ರಿಪ್: 55 ಕೆಜಿವರೆಗೆ 260, 85 ಕೆಜಿವರೆಗೆ 390, ಅದಕ್ಕೂ ಮೇಲೆ 520 ಮಿ.ಗ್ರಾಂ, ಆಮೇಲೆ 8 ವಾರಕ್ಕೊಮ್ಮೆ 90 ಮಿ.ಗ್ರಾಂ ಇಂಜೆಕ್ಷನ್. ವೆಡೋಲಿಝುಮ್ಯಾಬ್ ಎಲ್ಲರಿಗೂ 300 ಮಿ.ಗ್ರಾಂ, ಅರ್ಧ ಗಂಟೆಯ ಡ್ರಿಪ್, 0, 2, 6ನೇ ವಾರ ಮತ್ತು ಆಮೇಲೆ 8 ವಾರಕ್ಕೊಮ್ಮೆ. ಇದು ಹೆಚ್ಚಾಗಿ ಕರುಳಿನಲ್ಲಷ್ಟೇ ಕೆಲಸ ಮಾಡುವುದರಿಂದ ಸೋಂಕಿನ ಭಯ ಕಡಿಮೆ, ಆದರೆ ಪರಿಣಾಮ ನಿಧಾನ. ಟಿಬಿ ಆಗಿ ಗುಣವಾದವರಿಗೆ, ವಯಸ್ಸಾದವರಿಗೆ ಉಸ್ಟೆಕಿನುಮ್ಯಾಬ್ ಮತ್ತು ವೆಡೋಲಿಝುಮ್ಯಾಬ್ ಬಗ್ಗೆ ವಿಚಾರಿಸಿ. ತೀವ್ರ ಹೃದಯ ವೈಫಲ್ಯ ಇದ್ದವರಿಗೆ ಟಿಎನ್‌ಎಫ್ ತಡೆಯುವುದು ಸಲ್ಲದು.

ಗುಳಿಗೆಗಳಲ್ಲಿ ಉಪಾಡಾಸಿಟಿನಿಬ್‌ಗೆ ಅಮೆರಿಕದಲ್ಲಿ 2023ರಲ್ಲಿ ಕ್ರೋನ್ಸ್‌ಗೆ ಒಪ್ಪಿಗೆ ಸಿಕ್ಕಿದೆ. ಟೊಫಾಸಿಟಿನಿಬ್ ಅಗ್ಗವಾಗಿ ಸಿಗುತ್ತದೆ ಎಂದು ಅದನ್ನು ಕೇಳುವವರಿದ್ದಾರೆ. ಅದು ಅಲ್ಸರೇಟಿವ್ ಕೊಲೈಟಿಸ್ ಎಂಬ ದೊಡ್ಡ ಕರುಳಿನ ಉರಿಯೂತಕ್ಕೆ, ಕ್ರೋನ್ಸ್‌ಗಲ್ಲ.

ಇನ್‌ಫ್ಲಿಕ್ಸಿಮ್ಯಾಬ್ ಜೊತೆ ಅಝಥಯೋಪ್ರಿನ್ ಎಂಬ ರೋಗನಿರೋಧಕತೆ ತಗ್ಗಿಸುವ ಮಾತ್ರೆ ಏಕೆ ಬರೆಯುತ್ತಾರೆ? ದೇಹ ಈ ಔಷಧವನ್ನೇ ಪರಕೀಯವೆಂದು ಕಂಡು ಅದರ ವಿರುದ್ಧ ಆಂಟಿಬಾಡಿ ಮಾಡದಿರಲಿ ಎಂದು. 2010ರ ಸೋನಿಕ್ ಅಧ್ಯಯನದಲ್ಲಿ 26ನೇ ವಾರಕ್ಕೆ ಸ್ಟೀರಾಯ್ಡ್ ಇಲ್ಲದೆ ಹತೋಟಿಗೆ ಬಂದವರು ಎರಡೂ ಔಷಧ ತೆಗೆದುಕೊಂಡವರಲ್ಲಿ ಶೇ. 56.8, ಇನ್‌ಫ್ಲಿಕ್ಸಿಮ್ಯಾಬ್ ಮಾತ್ರ ತೆಗೆದುಕೊಂಡವರಲ್ಲಿ ಶೇ. 44.4, ಅಝಥಯೋಪ್ರಿನ್ ಮಾತ್ರ ತೆಗೆದುಕೊಂಡವರಲ್ಲಿ ಶೇ. 30. ಭಾರತೀಯರಲ್ಲಿ ಎನ್‌ಯುಡಿಟಿ15 ಎಂಬ ಜೀನಿನ ಬದಲಾವಣೆ ಅಪರೂಪವಲ್ಲ. ಅದಿದ್ದವರಿಗೆ ಅಝಥಯೋಪ್ರಿನ್ ಕೊಟ್ಟರೆ ಬಿಳಿರಕ್ತಕಣ ದಿಢೀರನೆ ಕುಸಿಯುತ್ತದೆ. ಶುರುವಿನ ವಾರಗಳಲ್ಲಿ ಕೂದಲು ಗೊಂಚಲು ಗೊಂಚಲಾಗಿ ಉದುರಿದರೆ ಎಣ್ಣೆ ಬದಲಾಯಿಸಬೇಡಿ, ಮಾತ್ರೆ ನಿಲ್ಲಿಸಿ ಅಂದೇ ಸಿಬಿಸಿ (ರಕ್ತಕಣಗಳ ಎಣಿಕೆ) ಮಾಡಿಸಿ, ಡಾಕ್ಟರಿಗೆ ಫೋನ್ ಮಾಡಿ.

ಡ್ರಿಪ್ ದಿನ

ತೂಕ ಅಂದೇ ನೋಡಿಸಿ. ಇನ್‌ಫ್ಲಿಕ್ಸಿಮ್ಯಾಬ್‌ನ ಒಂದು ವಯಲ್ 100 ಮಿ.ಗ್ರಾಂ, 60 ಕೆಜಿಯವರಿಗೆ ಮೂರು ವಯಲ್. ಪ್ರತಿ ವಯಲ್‌ಗೆ 10 ಎಂಎಲ್ ಸ್ಟೆರೈಲ್ ನೀರು, ನಿಧಾನವಾಗಿ ಗೋಡೆಗೆ ಬಿಡಬೇಕು, ಕುಲುಕಬಾರದು. ಕುಲುಕಿದರೆ ನೊರೆ ಬಂದು ಪ್ರೋಟೀನ್ ಕೆಡುತ್ತದೆ. ಅದನ್ನು ನಾರ್ಮಲ್ ಸಲೈನ್‌ಗೆ ಸೇರಿಸಿ ಒಟ್ಟು 250 ಎಂಎಲ್ ಮಾಡುತ್ತಾರೆ, ಗ್ಲೂಕೋಸ್ ಸಲ್ಲದು. ಫಿಲ್ಟರ್ ಇರುವ ಸೆಟ್ ಬೇಕು, ಕನಿಷ್ಠ ಎರಡು ಗಂಟೆ ಬೇಕು. ಬೇಗ ಮುಗಿಸಿ ಬಸ್ ಹಿಡಿಯಬೇಕೆಂದು ವೇಗ ಹೆಚ್ಚಿಸಲು ಕೇಳಬೇಡಿ. ತುರಿಕೆ, ಎದೆ ಬಿಗಿತ, ಮುಖ ಕೆಂಪಾಗುವುದು, ಚಳಿ ಬಂದರೆ ತಕ್ಷಣ ನರ್ಸ್‌ಗೆ ಹೇಳಿ. ಮುಗಿದ ಮೇಲೂ ಒಂದೆರಡು ಗಂಟೆ ಅಲ್ಲೇ ಕೂತಿರಿ. ವಯಲ್‌ನ ಮೇಲಿನ ಬ್ಯಾಚ್ ನಂಬರಿನ ಚೀಟಿಯನ್ನು ನಿಮ್ಮ ಪುಸ್ತಕಕ್ಕೆ ಅಂಟಿಸಿಕೊಳ್ಳಿ.

ಮನೆಯಲ್ಲಿ ಅಡಾಲಿಮುಮ್ಯಾಬ್

ಫ್ರಿಜ್ಜಿನ ನಡು ತಟ್ಟೆಯಲ್ಲಿ, ಡಬ್ಬಿಯೊಳಗೇ, 2ರಿಂದ 8 ಡಿಗ್ರಿ. ಒಂದೇ ಬಾಗಿಲಿನ ಫ್ರಿಜ್ಜಿನಲ್ಲಿ ಮೇಲಿನ ಐಸ್ ಪೆಟ್ಟಿಗೆಯ ಕೆಳಗೆ ಮತ್ತು ಹಿಂಗೋಡೆಗೆ ತಾಗಿ ಇಟ್ಟರೆ ಹೆಪ್ಪುಗಟ್ಟುತ್ತದೆ. ಒಮ್ಮೆ ಹೆಪ್ಪುಗಟ್ಟಿದ್ದು ಕರಗಿ ತಿಳಿಯಾಗಿ ಕಂಡರೂ ಬಿಸಾಡುವುದೇ. ಬಾಗಿಲಿನ ಖಾನೆಯಲ್ಲಿ ತಾಪಮಾನ ಏರಿಳಿಯುತ್ತದೆ. ಸಣ್ಣ ಥರ್ಮಾಮೀಟರ್ ಒಂದನ್ನು ಔಷಧದ ಪಕ್ಕದಲ್ಲೇ ಇಡುವುದು ಈ ಚಿಕಿತ್ಸೆಯಲ್ಲಿ ಅತ್ಯಂತ ಅಗ್ಗದ ವಿಮೆ. ಕರೆಂಟ್ ಹೋದರೆ ಬಾಗಿಲು ತೆಗೆಯಬೇಡಿ.

ಅನೇಕ ಕಂಪನಿಗಳ ಚೀಟಿಯಲ್ಲಿ '25 ಡಿಗ್ರಿಯವರೆಗೆ 14 ದಿನ ಹೊರಗಿಡಬಹುದು' ಎಂದಿರುತ್ತದೆ. ಈ ಸಾಲನ್ನು ಏಪ್ರಿಲ್‌ನ ಕಲಬುರಗಿ, ರಾಯಚೂರು, ಬಳ್ಳಾರಿಯಲ್ಲಿ ಓದುವವರು 25 ಡಿಗ್ರಿ ಎಂಬುದಕ್ಕೆ ಗೆರೆ ಎಳೆದುಕೊಳ್ಳಿ. ಅಲ್ಲಿಯ ಕೋಣೆಯ ಬಿಸಿ ಅದನ್ನು ಎಂದೋ ದಾಟಿರುತ್ತದೆ. ಪ್ರಯಾಣಕ್ಕೆ ಅಗಲ ಬಾಯಿಯ ಥರ್ಮಸ್ ಅಥವಾ ಐಸ್ ಬಾಕ್ಸ್, ಜೆಲ್ ಪ್ಯಾಕ್‌ಗೆ ಬಟ್ಟೆ ಸುತ್ತಿ, ಔಷಧ ಅದಕ್ಕೆ ನೇರ ತಾಗದಂತೆ. ಬಸ್ಸಿನ ಡಿಕ್ಕಿಯಲ್ಲಿ ಬೇಡ. ವಿಮಾನದಲ್ಲಿ ಕೈಚೀಲದಲ್ಲೇ, ಡಾಕ್ಟರ ಚೀಟಿಯ ಜೊತೆ. ಔಷಧದ ಅಂಗಡಿಯಿಂದ ತರುವಾಗಲೂ ಇದೇ ನಿಯಮ. ಕೋಲ್ಡ್ ಪ್ಯಾಕ್ ಇಲ್ಲದೆ ಕೊಟ್ಟರೆ ತೆಗೆದುಕೊಳ್ಳಬೇಡಿ.

ಇಂಜೆಕ್ಷನ್ನಿಗೆ 15ರಿಂದ 30 ನಿಮಿಷ ಮುಂಚೆ ಹೊರಗೆ ತೆಗೆದಿಡಿ, ತಣ್ಣಗಿದ್ದರೆ ಹೆಚ್ಚು ಉರಿಯುತ್ತದೆ. ಬಿಸಿನೀರಿನಲ್ಲಿ, ಬಿಸಿಲಲ್ಲಿ ಬೆಚ್ಚಗೆ ಮಾಡಬೇಡಿ. ದ್ರವ ಮಸುಕಾಗಿದ್ದರೆ, ತುಣುಕು ತೇಲುತ್ತಿದ್ದರೆ ಬಳಸಬೇಡಿ. ಕೈ ಸೋಪಿನಲ್ಲಿ ತೊಳೆದು, ತೊಡೆಯ ಮುಂಭಾಗ ಅಥವಾ ಹೊಕ್ಕುಳಿಂದ ಕನಿಷ್ಠ ಎರಡು ಇಂಚು ಆಚೆ ಹೊಟ್ಟೆಯಲ್ಲಿ ಜಾಗ ಆರಿಸಿ; ಪ್ರತಿ ಸಲ ಜಾಗ ಬದಲಾಗಲಿ, ಹಳೆಯ ಆಪರೇಷನ್ ಗಾಯದ ಮೇಲೆ ಬೇಡ. ಸ್ಪಿರಿಟ್ ಒರೆಸಿ ಪೂರ್ತಿ ಆರಲು ಬಿಡಿ. ಹಸಿಯಾಗಿರುವಾಗ ಚುಚ್ಚಿದರೆ ಆ ಉರಿಗೆ ಔಷಧವನ್ನು ದೂರುತ್ತೀರಿ. ಸಿರಿಂಜ್ ಆದರೆ ಚರ್ಮ ಚಿವುಟಿ ಹಿಡಿದು 45 ಡಿಗ್ರಿ ಓರೆಯಲ್ಲಿ, ನಿಧಾನವಾಗಿ. ಪೆನ್ ಆದರೆ ನೇರವಾಗಿ ಒತ್ತಿ, ಕಿಟಕಿಯ ಬಣ್ಣ ಪೂರ್ತಿ ಬದಲಾಗುವವರೆಗೆ ಎತ್ತಬೇಡಿ. ಬೇಗ ಎತ್ತಿದರೆ ಅರ್ಧ ಔಷಧ ಚರ್ಮದ ಮೇಲೆ ಹರಿದುಹೋಗುತ್ತದೆ. ಆಮೇಲೆ ಹತ್ತಿ ಒತ್ತಿ, ಉಜ್ಜಬೇಡಿ. ಸೂಜಿಗೆ ಮುಚ್ಚಳ ಮತ್ತೆ ಹಾಕದೆ ಗಟ್ಟಿ ಪ್ಲಾಸ್ಟಿಕ್ ಡಬ್ಬಿಗೆ ಹಾಕಿಟ್ಟು, ತುಂಬಿದಾಗ ಆಸ್ಪತ್ರೆಗೆ ಕೊಡಿ. ಕಸದ ಗಾಡಿಯವರ ಕೈಗೆ ಚುಚ್ಚಬಾರದು.

ಒಂದು ಡೋಸ್ ಮರೆತರೆ ನೆನಪಾದ ಕೂಡಲೇ ಹಾಕಿಕೊಂಡು, ಮುಂದಿನದನ್ನು ಮೊದಲಿನ ತಾರೀಖಿಗೇ ಹಾಕಿಕೊಳ್ಳಿ. ಜ್ವರ 100.4 ಫ್ಯಾರನ್‌ಹೀಟ್ ದಾಟಿದ್ದರೆ, ಆಂಟಿಬಯೋಟಿಕ್ ನಡೆಯುತ್ತಿದ್ದರೆ, ಡೋಸ್‌ಗೆ ಮುಂಚೆ ಡಾಕ್ಟರನ್ನು ಕೇಳಿ.

ದುಡ್ಡಿನ ಲೆಕ್ಕ ಮೊದಲೇ

ಬಿಟ್ಟು ಬಿಟ್ಟು ಕೊಡುವುದು ಈ ಔಷಧಕ್ಕೆ, ಅದರಲ್ಲೂ ಇನ್‌ಫ್ಲಿಕ್ಸಿಮ್ಯಾಬ್‌ಗೆ, ವಿಷವಿದ್ದಂತೆ. ಅಂತರ ಬಂದಾಗ ದೇಹ ಆಂಟಿಬಾಡಿ ಮಾಡಿಕೊಳ್ಳುತ್ತದೆ. ಮುಂದಿನ ಡೋಸ್ ಕೆಲಸ ಮಾಡುವುದಿಲ್ಲ, ಅಲರ್ಜಿಯೂ ಆಗಬಹುದು. ಹೀಗೆ ಕಳೆದುಕೊಂಡ ಔಷಧ ಮತ್ತೆ ಸಿಗುವುದು ಕಷ್ಟ. ಒಂದು ವರ್ಷದ ಖರ್ಚು ಎಲ್ಲಿಂದ ಎಂದು ಕಾಗದದ ಮೇಲೆ ಬರೆದುಕೊಂಡೇ ಮೊದಲ ಡೋಸ್ ಹಾಕಿಸಿ. ಆಗದು ಎನಿಸಿದರೆ ಹಾಗೆಂದು ಡಾಕ್ಟರಿಗೆ ನೇರವಾಗಿ ಹೇಳಿ. ಬೇರೆ ದಾರಿ ಹುಡುಕುವುದು ಆಗ ಸುಲಭ.

ಬಯೋಸಿಮಿಲರ್‌ಗಳು, ಅಂದರೆ ಮೂಲ ಬಯಾಲಜಿಕ್‌ಗೆ ಸರಿಸಾಟಿಯಾಗಿ ಬೇರೆ ಕಂಪನಿ ಮಾಡಿದವು, ಹೊರೆ ಇಳಿಸಿವೆ. ಜಗತ್ತಿನ ಮೊದಲ ಅಡಾಲಿಮುಮ್ಯಾಬ್ ಬಯೋಸಿಮಿಲರ್ ಬಂದದ್ದು ಭಾರತದಲ್ಲೇ, ಝೈಡಸ್ ಕಂಪನಿಯಿಂದ, 2014ರ ಡಿಸೆಂಬರ್‌ನಲ್ಲಿ. ಅವು ಕಡಿಮೆ ದರ್ಜೆಯ ಮಾಲಲ್ಲ, ಆದರೆ ತಿಂಗಳಿಗೊಂದು ಬ್ರ್ಯಾಂಡ್ ಬದಲಿಸದಿರುವುದು ಲೇಸು. ಆರೋಗ್ಯ ವಿಮೆ ಇದ್ದವರು ಗಮನಿಸಿ: ಪಾಲಿಸಿಯಿಂದ ಹೊರಗಿಡಬಾರದೆಂದು ವಿಮೆ ನಿಯಂತ್ರಕ ಐಆರ್‌ಡಿಎಐ 2019ರಲ್ಲಿ ಪಟ್ಟಿ ಮಾಡಿದ ಆಧುನಿಕ ಚಿಕಿತ್ಸೆಗಳಲ್ಲಿ ಇಂಜೆಕ್ಷನ್ ರೂಪದ ಮಾನೋಕ್ಲೋನಲ್ ಆಂಟಿಬಾಡಿ (ಈ ಬಯಾಲಜಿಕ್‌ಗಳು ಅದೇ ಬಗೆ) ಸೇರಿದೆ. ಮೊತ್ತಕ್ಕೆ ಮಿತಿ ಇರಬಹುದು, ಮನೆಯಲ್ಲಿ ಹಾಕಿಕೊಂಡದ್ದಕ್ಕೆ ತಕರಾರು ಬರಬಹುದು. ಆದ್ದರಿಂದ ಡೇ ಕೇರ್ ದಾಖಲೆ, ಬಿಲ್, ಡಿಸ್ಚಾರ್ಜ್ ಚೀಟಿ ಎಲ್ಲವೂ ಇರಲಿ. ಇಎಸ್‌ಐ ಕಾರ್ಡ್ ಇದ್ದವರು ಇಎಸ್‌ಐ ಆಸ್ಪತ್ರೆಯಲ್ಲಿ ವಿಚಾರಿಸಿ. ಕಂಪನಿಗಳ ರೋಗಿ ನೆರವಿನ ಯೋಜನೆಗಳ ಬಗ್ಗೆ ಕೇಳಲು ಸಂಕೋಚ ಬೇಡ.

ಕೆಲಸ ಮಾಡುತ್ತಿದೆಯೇ?

ಶುರುವಿಗೆ ಮುಂಚಿನ ಸಿಆರ್‌ಪಿ (ರಕ್ತದಲ್ಲಿ ಉರಿಯೂತದ ಗುರುತು), ಹಿಮೋಗ್ಲೋಬಿನ್, ಆಲ್ಬುಮಿನ್, ತೂಕ ಮತ್ತು ಮಲದ ಕ್ಯಾಲ್‌ಪ್ರೊಟೆಕ್ಟಿನ್ (ಕರುಳಿನ ಉರಿಯೂತದ ಗುರುತು) ಬರೆದಿಟ್ಟುಕೊಂಡಿದ್ದರೆ ಮಾತ್ರ ಈ ಪ್ರಶ್ನೆಗೆ ಉತ್ತರ ಸಿಗುತ್ತದೆ. ಇನ್‌ಫ್ಲಿಕ್ಸಿಮ್ಯಾಬ್, ವೆಡೋಲಿಝುಮ್ಯಾಬ್‌ಗೆ ಸುಮಾರು 14 ವಾರ, ಅಡಾಲಿಮುಮ್ಯಾಬ್‌ಗೆ 12, ಉಸ್ಟೆಕಿನುಮ್ಯಾಬ್‌ಗೆ 16 ವಾರ ಕೊಟ್ಟು ನೋಡಿ. ಗುರಿ ಬರೀ ನೋವು ನಿಲ್ಲುವುದಲ್ಲ. ಕ್ಯಾಲ್‌ಪ್ರೊಟೆಕ್ಟಿನ್ ಗ್ರಾಂಗೆ 250 ಮೈಕ್ರೋಗ್ರಾಂ ಒಳಗೆ ಇಳಿಯಬೇಕು, ಸ್ಕೋಪಿಯಲ್ಲಿ ಹುಣ್ಣು ಮಾಗಬೇಕು. ಮಂಡಿನೋವಿಗೆ ಡೈಕ್ಲೋಫಿನಾಕ್, ಐಬುಪ್ರೊಫೇನ್ ನುಂಗಿದರೆ ಕ್ಯಾಲ್‌ಪ್ರೊಟೆಕ್ಟಿನ್ ಏರುತ್ತದೆ, ಕಾಯಿಲೆಯೂ ಕೆರಳಬಹುದು, ಪ್ಯಾರಾಸಿಟಮಾಲ್ ಸಾಕು. ಬೀಡಿ ಸಿಗರೇಟು ಬಿಡದೆ ಔಷಧವನ್ನು ದೂರುವುದು ನ್ಯಾಯವಲ್ಲ, ಹೊಗೆ ಕ್ರೋನ್ಸ್‌ನ ನೇರ ಶತ್ರು. ಇಮ್ಯೂನಿಟಿಗೆಂದು ಅಮೃತಬಳ್ಳಿ ಕುಡಿಯುವುದೂ ಬೇಡ. ಅದರಿಂದ ಲಿವರ್ ಕೆಟ್ಟ ಪ್ರಕರಣಗಳು ನಮ್ಮ ದೇಶದಿಂದಲೇ ವರದಿಯಾಗಿವೆ.

ಚೆನ್ನಾಗಿದ್ದು ಮತ್ತೆ ಕೆರಳಿದರೆ ಮೊದಲು ಸೋಂಕು, ಕಿರಿದಾದ ಕರುಳು, ಕೀವು ಇಲ್ಲವೆಂದು ನೋಡಬೇಕು. ಆಮೇಲೆ ಮುಂದಿನ ಡೋಸ್‌ಗೆ ಸ್ವಲ್ಪ ಮುಂಚೆ ರಕ್ತ ಕೊಟ್ಟು ಔಷಧದ ಮಟ್ಟ ಮತ್ತು ಆಂಟಿಬಾಡಿ ಪರೀಕ್ಷೆ. ಡೋಸ್ ಆದ ಮರುವಾರ ರಕ್ತ ಕೊಟ್ಟರೆ ಆ ಅಂಕಿಗೆ ಅರ್ಥವಿಲ್ಲ. ಇನ್‌ಫ್ಲಿಕ್ಸಿಮ್ಯಾಬ್ ಪ್ರತಿ ಎಂಎಲ್‌ಗೆ 5 ಮೈಕ್ರೋಗ್ರಾಂ, ಅಡಾಲಿಮುಮ್ಯಾಬ್ 7.5 ಮೈಕ್ರೋಗ್ರಾಂ ಇರಬೇಕೆಂಬುದು ಬಳಕೆಯಲ್ಲಿರುವ ಅಳತೆ. ಮಟ್ಟ ಕಡಿಮೆ, ಆಂಟಿಬಾಡಿ ಇಲ್ಲ ಎಂದರೆ ಡೋಸ್ ಹೆಚ್ಚಿಸುತ್ತಾರೆ ಅಥವಾ ಅಂತರ ತಗ್ಗಿಸುತ್ತಾರೆ. ಮಟ್ಟ ಕಡಿಮೆ, ಆಂಟಿಬಾಡಿ ಬಹಳ ಎಂದರೆ ಅದೇ ಗುಂಪಿನ ಇನ್ನೊಂದು ಔಷಧ. ಮಟ್ಟ ಸಾಕಷ್ಟಿದ್ದೂ ಕಾಯಿಲೆ ಉರಿಯುತ್ತಿದ್ದರೆ ಟಿಎನ್‌ಎಫ್ ದಾರಿ ಮುಗಿದಂತೆ, ಬೇರೆ ಗುಂಪಿಗೆ ಹೋಗಬೇಕು.

ಎರಡು ವರ್ಷ ಚೆನ್ನಾಗಿದ್ದವರು 'ಇನ್ನು ನಿಲ್ಲಿಸೋಣವೇ' ಎಂದು ಕೇಳುವುದು ಸಹಜ. ಇನ್‌ಫ್ಲಿಕ್ಸಿಮ್ಯಾಬ್ ನಿಲ್ಲಿಸಿ ಅಝಥಯೋಪ್ರಿನ್‌ನಂಥ ಮಾತ್ರೆಯನ್ನಷ್ಟೇ ಮುಂದುವರಿಸಿದ 115 ಜನರನ್ನು ಗಮನಿಸಿದ ಸ್ಟೋರಿ ಅಧ್ಯಯನದಲ್ಲಿ ಒಂದು ವರ್ಷದೊಳಗೆ ನೂರಕ್ಕೆ ಸುಮಾರು 44 ಜನರಿಗೆ ಕಾಯಿಲೆ ಮರಳಿತು. ನಿಲ್ಲಿಸುವುದಾದರೆ ಸ್ಕೋಪಿ, ಕ್ಯಾಲ್‌ಪ್ರೊಟೆಕ್ಟಿನ್ ಎರಡೂ ಸರಿಯಿರುವಾಗ, ಡಾಕ್ಟರ ಜೊತೆ ತೀರ್ಮಾನಿಸಿ ನಿಲ್ಲಿಸಿ, ಮೊದಲ ವರ್ಷ ಎರಡು ಮೂರು ತಿಂಗಳಿಗೊಮ್ಮೆ ಮಲಪರೀಕ್ಷೆ ಇರಲಿ. ಮತ್ತೆ ಶುರು ಮಾಡಬೇಕಾಗಿ ಬಂದರೆ ಕೊನೆಯ ಡೋಸ್‌ನ ತಾರೀಖನ್ನು ಆಸ್ಪತ್ರೆಗೆ ಹೇಳಿ. ದೀರ್ಘ ಅಂತರದ ನಂತರದ ಡ್ರಿಪ್‌ನಲ್ಲೇ ಅಲರ್ಜಿಯ ಅಪಾಯ ಹೆಚ್ಚು.